ಎಲುಬು-ಕೀಲುಗಳ ಪೆಟ್ಟು: ಆಸ್ಪತ್ರೆ ಮುಟ್ಟುವ ಮೊದಲು

ದೀಪಾವಳಿಯ ಬಲಿಪಾಡ್ಯಮಿ ಬಂದಿತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ. ಹಾನಗಲ್ ತಾಲೂಕಿನ ಅಕ್ಕಿಆಲೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಸಾಕಿದ ಹೋರಿಗಳಿಗೆ ಕೊಬ್ಬರಿ ಹಾರ ಹಾಕಿ, ಜೂಲ ಹೊದಿಸಿ, ಜನರ ನಡುವೆ ಓಡಿಸುತ್ತಾರೆ. ಕೊಬ್ಬರಿ ಹರಿಯಲು ನುಗ್ಗಿದವರಲ್ಲಿ ಕೆಲವರು ಹೋರಿಯ ಕಾಲಿಗೆ ಸಿಗುವುದು, ಕೆಲವರು ಒಬ್ಬರ ಮೇಲೊಬ್ಬರು ಬೀಳುವುದು, ಬದಿಗೆ ನಿಂತು ನೋಡುವವರಿಗೂ ಕೊಂಬು ತಾಗುವುದು ಹೊಸದಲ್ಲ. ಅದೇ ದಿನಗಳಲ್ಲಿ ಭತ್ತದ ಕೊಯ್ಲು, ಗೋವಿನಜೋಳದ ರಾಶಿ ನಡೆದಿರುತ್ತದೆ. ಬಣವೆಯಿಂದ ಜಾರುವುದು, ಹೇರಿದ ಟ್ರೇಲರಿನ ಮೇಲಿಂದ ಉರುಳುವುದು, ಒಕ್ಕುವ ಯಂತ್ರಕ್ಕೆ ಕೈ ಸಿಗುವುದು ಆಗ ಹೆಚ್ಚು. ಬೇಸಿಗೆ ಬಂದರೆ ಮಾವಿನ ಮರದಿಂದ ಬೀಳುವವರ ಸರದಿ. ಮಳೆಗಾಲದಲ್ಲಿ ಕೆಸರು ಬದುವಿನ ಮೇಲೆ, ಹಾವಸೆ ಹಿಡಿದ ಬಚ್ಚಲಲ್ಲಿ ಜಾರುವವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಮುರಿದ ಎಲುಬನ್ನು ಕೂಡಿಸುವುದು ವೈದ್ಯರ ಕೆಲಸ. ಆದರೆ ಆ ಕೈ ಅಥವಾ ಕಾಲು ವೈದ್ಯರ ಮುಂದೆ ಯಾವ ಸ್ಥಿತಿಯಲ್ಲಿ ಹೋಗುತ್ತದೆ ಎಂಬುದು ಪೆಟ್ಟು ಬಿದ್ದಾಗ ಪಕ್ಕದಲ್ಲಿದ್ದವರು ಮಾಡಿದ ಮತ್ತು ಮಾಡದೆ ಬಿಟ್ಟ ಕೆಲಸವನ್ನು ಅವಲಂಬಿಸಿದೆ. ಎಷ್ಟೋ ಸಲ ಮೂಲ ಪೆಟ್ಟಿಗಿಂತ ಹೆಚ್ಚಿನ ಹಾನಿ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಒಬ್ಬರು ಸೊಟ್ಟಗಾದ ಕಾಲನ್ನು ಜಗ್ಗಿ ನೆಟ್ಟಗೆ ಮಾಡುತ್ತಾರೆ. ಮತ್ತೊಬ್ಬರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಮೂರನೆಯವರು ಹಗ್ಗದಿಂದ ಬಿಗಿಯಾಗಿ ಕಟ್ಟುತ್ತಾರೆ. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಅಪಾಯಕರ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳಲಾಗಿದೆ.

ಮೊದಲು ಪ್ರಾಣ, ಆಮೇಲೆ ಎಲುಬು

ಬಿದ್ದವನ ಬಳಿ ಧಾವಿಸುವ ಮೊದಲು ಜಾಗ ಸುರಕ್ಷಿತವಾಗಿದೆಯೇ ಎಂದು ನೋಡಬೇಕು. ಹೋರಿ ಮತ್ತೆ ತಿರುಗಿ ಬರುವಂತಿದ್ದರೆ ಮೊದಲು ಅದನ್ನು ಹಿಡಿಯಬೇಕು. ಯಂತ್ರವಿದ್ದರೆ ಅದನ್ನು ಪೂರಾ ನಿಲ್ಲಿಸಬೇಕು. ಸಿಕ್ಕಿಕೊಂಡ ಕೈಯನ್ನು ತೆಗೆಯಲೆಂದು ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಲು ಹೋದರೆ ಉಳಿದದ್ದೂ ಹರಿಯುತ್ತದೆ.

ನಂತರ ಗಾಯಾಳುವನ್ನು ಮಾತನಾಡಿಸಬೇಕು. ಉತ್ತರ ಕೊಡುತ್ತಾನೆಯೇ, ಉಸಿರಾಟ ಸರಾಗವಾಗಿದೆಯೇ, ಎಲ್ಲಿಂದಲಾದರೂ ರಕ್ತ ಸುರಿಯುತ್ತಿದೆಯೇ ಎಂಬ ಮೂರು ಸಂಗತಿಗಳನ್ನು ಸೊಟ್ಟಗಾದ ಕಾಲಿಗಿಂತ ಮೊದಲು ನೋಡಬೇಕು. ಮುರಿದ ಕಾಲು ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಅಷ್ಟರಲ್ಲಿ ಎದೆಗೆ ತಿವಿತ ಬಿದ್ದವನು ಉಸಿರು ಕಟ್ಟಿ ಒದ್ದಾಡುತ್ತಿರುವುದು ಯಾರಿಗೂ ಕಾಣದೆ ಹೋಗಬಹುದು. ಕೊಂಬಿನ ಗಾಯ ಹೊರಗೆ ಎರಡು ಬೆರಳಿನಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ. ಎದೆ ಅಥವಾ ಹೊಟ್ಟೆಗೆ ತಿವಿತ ಬಿದ್ದವರನ್ನು, ಅವರು ಎದ್ದು ನಡೆಯುತ್ತಿದ್ದರೂ, ಆಸ್ಪತ್ರೆಗೆ ಕಳಿಸಲೇಬೇಕು. ಪಕ್ಕೆಲುಬು ಮುರಿದಿದೆಯೆಂದು ಎದೆಯ ಸುತ್ತ ಬಿಗಿಯಾಗಿ ಬಟ್ಟೆ ಸುತ್ತುವ ರೂಢಿ ಕೆಲವು ಕಡೆ ಇದೆ. ಅದರಿಂದ ಉಸಿರಾಟ ಇನ್ನಷ್ಟು ಕಷ್ಟವಾಗುವುದರಿಂದ ಹಾಗೆ ಸುತ್ತಬಾರದು.

ಸುರಿಯುವ ರಕ್ತವನ್ನು ನಿಲ್ಲಿಸಲು ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಮತ್ತೆ ಮತ್ತೆ ಬಟ್ಟೆ ತೆಗೆದು ನೋಡಬಾರದು. ಮೊದಲಿನ ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಬೇಕು. ಎಲುಬಿನ ತುದಿ ಹೊರಬಂದಿದ್ದರೆ ಅದರ ಮೇಲೆ ಒತ್ತದೆ ಸುತ್ತಲೂ ಒತ್ತಬೇಕು.

ಮುರಿತವೋ, ಕೀಲು ತಪ್ಪಿದ್ದೋ, ಉಳುಕೋ

ಎಲುಬು ಮುರಿದಾಗ ಆ ಜಾಗದಲ್ಲಿ ಮುಟ್ಟಿಸಿಕೊಳ್ಳಲಾರದಷ್ಟು ನೋವು, ಬಾವು ಮತ್ತು ರಕ್ತ ಹೆಪ್ಪುಗಟ್ಟಿದ ನೀಲಿ ಕಲೆ ಇರುತ್ತವೆ. ಅಂಗ ಸೊಟ್ಟಗಾಗಿರಬಹುದು, ಗಿಡ್ಡವಾಗಿರಬಹುದು, ಕೀಲಿಲ್ಲದ ಕಡೆ ಬಾಗಬಹುದು. ಸಂಶಯವಿದ್ದಲ್ಲಿ ಅದೇ ಮನುಷ್ಯನ ಇನ್ನೊಂದು ಕೈ ಅಥವಾ ಕಾಲನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಇದಕ್ಕಿಂತ ಒಳ್ಳೆಯ ಅಳತೆ ಹೊಲದಲ್ಲಿ ಸಿಗುವುದಿಲ್ಲ. ಮುರಿದ ತುದಿಗಳು ಒಂದಕ್ಕೊಂದು ಉಜ್ಜಿ ಕಟಕಟ ಎನ್ನುವುದುಂಟು. ಆದರೆ ಅದನ್ನು ಕೇಳಲೆಂದು ಅಲುಗಾಡಿಸಿ ನೋಡಬಾರದು. ಚೂಪಾದ ಎಲುಬಿನ ತುದಿ ಪಕ್ಕದ ನರ, ರಕ್ತನಾಳಗಳನ್ನು ಕೊಯ್ಯಬಹುದು.

ಕೀಲು ತಪ್ಪಿದಾಗ ಎಲುಬು ತನ್ನ ಗೂಡಿನಿಂದ ಹೊರಬಂದು ಸಿಕ್ಕಿಕೊಂಡಿರುತ್ತದೆ. ಕೀಲು ಒಂದೇ ಭಂಗಿಯಲ್ಲಿ ಬಿಗಿದು ನಿಲ್ಲುತ್ತದೆ, ಅಲುಗಿಸಲು ಆಗುವುದಿಲ್ಲ. ಹೀಗೆ ಹೆಚ್ಚಾಗಿ ತಪ್ಪುವುದು ಭುಜದ ಕೀಲು. ಭುಜದ ದುಂಡು ಹೋಗಿ ಚೌಕವಾಗಿ ಕಾಣುತ್ತದೆ, ಗಾಯಾಳು ತನ್ನ ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡೇ ಕೂರುತ್ತಾನೆ. ಅದನ್ನು ಅಲ್ಲಿಯೇ ಜಗ್ಗಿ ಕೂಡಿಸಲು ಹೋಗಬಾರದು. ಕೀಲು ತಪ್ಪಿದ್ದರ ಜೊತೆಗೆ ಎಲುಬೂ ಮುರಿದಿರಬಹುದು, ಮತ್ತು ಅದು ಎಕ್ಸ್-ರೇ ಇಲ್ಲದೆ ತಿಳಿಯದು. ತೊಡೆಯ ಮೇಲ್ಗೀಲು ತಪ್ಪಿದಾಗ ತಡಮಾಡುವಂತಿಲ್ಲ. ಆರು ಗಂಟೆಯೊಳಗೆ ಅದನ್ನು ಕೂಡಿಸದಿದ್ದರೆ ತೊಡೆಯೆಲುಬಿನ ತಲೆಗೆ ರಕ್ತ ಸಿಗದೆ ಅದು ಸವೆದುಹೋಗುವ ಸಂಭವ ಹೆಚ್ಚು.

ಉಳುಕು ಎಂದರೆ ಎಲುಬಿಗೆ ಎಲುಬನ್ನು ಬಿಗಿದಿರುವ ನಾರಿನಂಥ ಕಟ್ಟು ಹಿಗ್ಗುವುದು ಅಥವಾ ಹರಿಯುವುದು. ಕಾಲಿನ ಹರಡಿನ ಉಳುಕು ಎಲ್ಲರಿಗೂ ಪರಿಚಿತ. ಇದು ಬರಿಯ ಉಳುಕೋ, ಎಲುಬೂ ಮುರಿದಿದೆಯೋ ಎಂದು ಅಂದಾಜು ಮಾಡಲು ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಸರಳ ಸೂತ್ರವೊಂದನ್ನು ಪ್ರಕಟಿಸಿದರು. ಅದರ ಮುಖ್ಯ ಅಂಶ ಇಷ್ಟು: ಪೆಟ್ಟು ಬಿದ್ದ ಕೂಡಲೇ ಆಗಲಿ, ಆಸ್ಪತ್ರೆಯಲ್ಲಾಗಲಿ ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎರಡೂ ಬದಿಯ ಗುಬ್ಬಿ ಎಲುಬುಗಳ ಹಿಂಬದಿಯ ಅಂಚನ್ನು ಒತ್ತಿದಾಗ ಎಲುಬಿನಲ್ಲಿಯೇ ನೋವಾದರೆ ಎಕ್ಸ್-ರೇ ಬೇಕು. ಎರಡೂ ಇಲ್ಲದಿದ್ದರೆ ಮುರಿತದ ಸಂಭವ ಬಹಳ ಕಡಿಮೆ. ಅಂಥ ಉಳುಕಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು-ಇಪ್ಪತ್ತು ನಿಮಿಷ ಇಡುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು ಸಾಕಾಗುತ್ತದೆ. ಮೊದಲ ಎರಡು ದಿನ ಬಿಸಿ ಶಾಖ ಕೊಟ್ಟರೆ ಬಾವು ಹೆಚ್ಚುತ್ತದೆ.

ಮಕ್ಕಳ ವಿಷಯದಲ್ಲಿ ಈ ಲೆಕ್ಕಗಳನ್ನು ನಂಬಿ ಕೂರಬಾರದು. ಮಕ್ಕಳ ಎಲುಬು ಹಸಿ ಕಡ್ಡಿಯಂತೆ, ಪೂರ್ತಿ ಮುರಿಯದೆ ಒಂದು ಬದಿಗೆ ಸೀಳಿ ಬಾಗುವುದುಂಟು. ಹೊರಗೆ ಏನೂ ಕಾಣುವುದಿಲ್ಲ. ಬಿದ್ದ ಮಗು ಮರುದಿನವೂ ಆ ಕೈಯನ್ನು ಬಳಸದೆ ಇದ್ದರೆ ಅದು ಹಟವಲ್ಲ, ಎಲುಬಿಗೆ ಪೆಟ್ಟಾಗಿದೆಯೆಂದೇ ತಿಳಿಯಬೇಕು. ಯಾರಿಗೇ ಆಗಲಿ, ನಿರ್ಧಾರವಾಗದಿದ್ದರೆ ಮುರಿದಿದೆ ಎಂದುಕೊಂಡೇ ಮುಂದಿನ ಕ್ರಮ ಕೈಗೊಳ್ಳುವುದು ಲೇಸು.

ಬೆರಳ ತುದಿಯ ಪರೀಕ್ಷೆ

ಇಡೀ ಲೇಖನದಲ್ಲಿ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಪೆಟ್ಟಾದದ್ದು ತೋಳಿಗಿರಲಿ, ಮೊಣಕೈಗಿರಲಿ, ನೋಡಬೇಕಾದದ್ದು ಬೆರಳುಗಳನ್ನು. ಪೆಟ್ಟಾದದ್ದು ತೊಡೆಗಿರಲಿ, ಮೊಣಕಾಲಿಗಿರಲಿ, ನೋಡಬೇಕಾದದ್ದು ಪಾದವನ್ನು. ಪೆಟ್ಟಿನ ಜಾಗದಿಂದ ಕೆಳಗೆ ರಕ್ತ ಹರಿಯುತ್ತಿದೆಯೇ ಎಂಬುದರ ಮೇಲೆ ಆ ಅಂಗ ಉಳಿಯುವುದು, ಹೋಗುವುದು ನಿಂತಿದೆ.

ಉಗುರನ್ನು ಕೆಲ ಕ್ಷಣ ಒತ್ತಿದರೆ ಅದರಡಿ ಬಿಳಿಚುತ್ತದೆ. ಬಿಟ್ಟೊಡನೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಚಳಿಯಲ್ಲಿ ಸ್ವಲ್ಪ ತಡವಾಗಬಹುದು, ಆಗ ಇನ್ನೊಂದು ಕೈಯ ಉಗುರಿನೊಂದಿಗೆ ಹೋಲಿಸಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕಡೆ ನಾಡಿ ಸಿಗುತ್ತದೆಯೇ, ಪಾದವಾದರೆ ಮೇಲ್ಭಾಗದ ನಡುವೆ ನಾಡಿ ಸಿಗುತ್ತದೆಯೇ ನೋಡಬೇಕು. ಬೆರಳುಗಳು ಬೆಚ್ಚಗಿವೆಯೇ ಎಂದು ಮುಟ್ಟಿ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಕೇಳಿ, ಬೆರಳು ಆಡಿಸಲು ಹೇಳಬೇಕು. ಒಂದು ನಿಮಿಷದ ಕೆಲಸ. ಇದನ್ನು ದಬ್ಬೆ ಕಟ್ಟುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ, ಆಮೇಲೆ ಆಸ್ಪತ್ರೆ ಮುಟ್ಟುವವರೆಗೆ ಕಾಲು ಗಂಟೆಗೊಮ್ಮೆ ಮಾಡುತ್ತಿರಬೇಕು.

ಬೆರಳು ತಣ್ಣಗಾಗಿ ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ, ಕಟ್ಟನ್ನು ತಕ್ಷಣ ಸಡಿಲಿಸಬೇಕು. ಸಡಿಲಿಸಿದರೂ ಬಣ್ಣ ಮರಳದಿದ್ದರೆ ಮುರಿದ ಎಲುಬೇ ರಕ್ತನಾಳವನ್ನು ಅದುಮಿದೆ ಎಂದರ್ಥ. ರಕ್ತವಿಲ್ಲದ ಮಾಂಸಖಂಡ ಸುಮಾರು ಆರು ಗಂಟೆಯಲ್ಲಿ ಸಾಯತೊಡಗುತ್ತದೆ. ಸಂಜೆ ಬಿದ್ದವನನ್ನು ಬೆಳಗಿನ ಬಸ್ಸಿಗೆ ಕರೆದೊಯ್ಯೋಣವೆನ್ನುವಷ್ಟು ಸಮಯ ಅಲ್ಲಿ ಇರುವುದಿಲ್ಲ.

ಉಂಗುರ, ಬಳೆ, ಕಡಗ, ಕಾಲುಂಗುರ, ಕೈಗಡಿಯಾರ ಏನಿದ್ದರೂ ಬಾವು ಬರುವ ಮೊದಲೇ ತೆಗೆಯಬೇಕು. ಮೊಣಕೈ ಮುರಿದರೂ ಬಾವು ಬೆರಳಿಗೆ ಇಳಿಯುತ್ತದೆ. ಒಂದು ತಾಸಿನ ನಂತರ ಉಂಗುರ ತೆಗೆಯಲು ಅಕ್ಕಸಾಲಿಗನೇ ಬೇಕಾಗಬಹುದು.

ದಬ್ಬೆ ಕಟ್ಟುವ ಕ್ರಮ

ದಬ್ಬೆಯ ಉದ್ದೇಶ ಎಲುಬನ್ನು ಕೂಡಿಸುವುದಲ್ಲ, ಅಲುಗದಂತೆ ಹಿಡಿಯುವುದು. ಇದು ಸ್ಪಷ್ಟವಾದರೆ ಬಿಗಿಯಾಗಿ ಕಟ್ಟುವ ಚಪಲ ತಾನಾಗಿಯೇ ಕಡಿಮೆಯಾಗುತ್ತದೆ. ಅಂಗ ಸಿಕ್ಕ ಭಂಗಿಯಲ್ಲಿಯೇ ಅದಕ್ಕೆ ಆಸರೆ ಕೊಡಬೇಕು. ಬಾಗಿದ ಮೊಣಕೈ ಬಾಗಿದಂತೆಯೇ ಇರಲಿ, ನೆಟ್ಟಗಿದ್ದದ್ದು ನೆಟ್ಟಗೇ ಇರಲಿ.

ಸಾಮಾನು ಹೊಲದಲ್ಲಿಯೇ ಸಿಗುತ್ತದೆ. ಬಿದಿರಿನ ದಬ್ಬೆ, ಹಲಗೆ ತುಂಡು, ಕೊಡೆ, ಒಟ್ಟುಗೂಡಿಸಿ ಕಟ್ಟಿದ ಜೋಳದ ದಂಟು, ಮುಂಗೈಗಾದರೆ ದಪ್ಪಗೆ ಮಡಚಿದ ದಿನಪತ್ರಿಕೆಯೂ ಸಾಕು. ಕೌದಿ, ಗೋಣಿಚೀಲ ಅಥವಾ ಟವೆಲನ್ನು ಮಡಚಿ ದಬ್ಬೆಗೂ ಮೈಗೂ ನಡುವೆ ಮೆತ್ತೆ ಇಡಬೇಕು. ಎಲುಬು ಚರ್ಮಕ್ಕೆ ಹತ್ತಿರವಿರುವ ಹರಡು, ಮೊಣಕಾಲುಗಳ ಬಳಿ ಮೆತ್ತೆ ಇನ್ನಷ್ಟು ದಪ್ಪಗಿರಲಿ. ದಬ್ಬೆಯು ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸಿ ಹಿಡಿಯುವಷ್ಟು ಉದ್ದವಿರಬೇಕು. ಮೊಣಕಾಲ ಕೆಳಗಿನ ಎಲುಬು ಮುರಿದಾಗ ಅಷ್ಟಕ್ಕೇ ಗಿಡ್ಡ ದಬ್ಬೆ ಕಟ್ಟಿದರೆ ಪಾದ ತೂಗಾಡಿದಾಗಲೆಲ್ಲ ಮುರಿತವೂ ಅಲುಗುತ್ತದೆ.

ಕಟ್ಟಲು ದೋತರ ಅಥವಾ ಸೀರೆಯನ್ನು ಹರಿದು ಮಾಡಿದ ನಾಲ್ಕು ಬೆರಳಗಲದ ಪಟ್ಟಿಗಳು ಉತ್ತಮ. ಹಗ್ಗ, ತಂತಿ, ಪ್ಲಾಸ್ಟಿಕ್ ಸುತಳಿ ಬೇಡವೇ ಬೇಡ. ಗಂಟುಗಳು ಮುರಿತದ ಮೇಲೆ ಬರದೆ ಅದರ ಮೇಲೆ-ಕೆಳಗೆ ಬರಬೇಕು, ದಬ್ಬೆಯ ಹೊರಮೈಮೇಲೆ ಇರಬೇಕು. ಬೆರಳುಗಳು ಹೊರಗೆ ಕಾಣುತ್ತಿರಬೇಕು, ಇಲ್ಲವಾದರೆ ಪರೀಕ್ಷೆ ಮಾಡುವುದು ಹೇಗೆ? ಕಟ್ಟಿನಡಿ ಒಂದು ಬೆರಳು ತೂರುವಷ್ಟು ಸಡಿಲವಿದ್ದರೆ ಸರಿಯಾದ ಬಿಗಿತವೆಂದು ತಿಳಿಯಬಹುದು.

ತೋಳು ಮತ್ತು ಭುಜದ ಪೆಟ್ಟಿಗೆ ದಬ್ಬೆ ಹುಡುಕುವ ಅಗತ್ಯವಿಲ್ಲ. ಟವೆಲಿನಿಂದ ಕೊರಳಿಗೆ ಜೋಲಿ ಕಟ್ಟಿ, ಅಗಲವಾದ ಇನ್ನೊಂದು ಬಟ್ಟೆಯಿಂದ ತೋಳನ್ನು ಎದೆಗೆ ಸೇರಿಸಿ ಸುತ್ತಿದರೆ ಎದೆಯೇ ದಬ್ಬೆಯಾಗುತ್ತದೆ. ಅದೇ ರೀತಿ ಕಾಲಿಗೆ ಏನೂ ಸಿಗದಿದ್ದರೆ ಎರಡು ಕಾಲುಗಳ ನಡುವೆ ಮಡಚಿದ ಕೌದಿ ಇಟ್ಟು, ಮುರಿದ ಕಾಲನ್ನು ಗಟ್ಟಿ ಕಾಲಿಗೇ ಕಟ್ಟಬಹುದು.

ಬಿಗಿ ಕಟ್ಟಿನ ಹಾನಿ

ಮುರಿದ ಕೈಕಾಲಿನೊಳಗೆ ರಕ್ತ ಸೋರಿ, ಮಾಂಸಖಂಡ ಬಾತು, ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಮಾಂಸಖಂಡವನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ. ಅದರ ಮೇಲೆ ಬಿದಿರು ಪಟ್ಟಿಗಳ ಬಿಗಿ ಕಟ್ಟು ಬಿದ್ದರೆ ಒಳಗಿನ ಒತ್ತಡ ರಕ್ತನಾಳಗಳನ್ನೇ ಮುಚ್ಚುತ್ತದೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿದ್ದ. ಬಿಗಿ ಕಟ್ಟಿನ ನಂತರ ಕೈಯ ಮಾಂಸಖಂಡಗಳು ಸತ್ತು, ನಾರಾಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಒಳಕ್ಕೆ ಮುದುಡುತ್ತವೆ. ಆ ಕೈ ಕುಡುಗೋಲು ಹಿಡಿಯಲು ಬರುವುದಿಲ್ಲ. ಪೇರಲ ಗಿಡದಿಂದಲೋ ಕಟ್ಟೆಯ ಮೇಲಿಂದಲೋ ಕೈಯೂರಿ ಬಿದ್ದ ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಮೊಣಕೈಯ ಸ್ವಲ್ಪ ಮೇಲೆ ಎಲುಬು ಮುರಿಯುವುದು ಸಾಮಾನ್ಯ, ಮತ್ತು ಕೈಯ ಮುಖ್ಯ ರಕ್ತನಾಳ ಆ ಮುರಿತಕ್ಕೆ ತಾಗಿಯೇ ಹಾದುಹೋಗುತ್ತದೆ. ಆದ್ದರಿಂದ ಮಕ್ಕಳ ಮೊಣಕೈ ಬಾತಿದ್ದರೆ ಅದನ್ನು ಯಾರಿಂದಲೂ ತಿಕ್ಕಿಸಬಾರದು, ಕಟ್ಟಿಸಬಾರದು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಅಪಾಯದ ಮೊದಲ ಸೂಚನೆ ನೋವು. ಅಲುಗದಂತೆ ಕಟ್ಟಿದ ಮೇಲೆ ನೋವು ಕಡಿಮೆಯಾಗಬೇಕು. ಬದಲಿಗೆ ಅದು ತಾಸಿನಿಂದ ತಾಸಿಗೆ ಹೆಚ್ಚುತ್ತಿದ್ದರೆ, ಬೇರೆಯವರು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ಚೀರುವಂತಾದರೆ ಕಟ್ಟನ್ನು ಪೂರ್ತಿ ಬಿಚ್ಚಿ ಹೊರಡಬೇಕು. ನಾಡಿ ಸಿಗುತ್ತಿದೆಯೆಂದು ಸಮಾಧಾನಪಡುವಂತಿಲ್ಲ, ನಾಡಿ ಹೋಗುವುದು ಕೊನೆಗೆ.

ಊರುಗಳಲ್ಲಿ ಎಲುಬು ಕಟ್ಟುವ ಮನೆತನಗಳಿವೆ. ಅವರ ಕೈಗುಣವನ್ನು ನಂಬಿ ದೂರದಿಂದ ಬರುವವರಿದ್ದಾರೆ. ಅವರನ್ನು ಹೀಯಾಳಿಸುವುದರಿಂದ ಪ್ರಯೋಜನವಿಲ್ಲ. ಇಂದಿನ ಎಲುಬು ವೈದ್ಯಕ್ಕೂ ಅಂಥ ಮನೆತನವೊಂದರ ಋಣವಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಆಂಗಲ್ಸೀ ದ್ವೀಪದ ಎಲುಬು ಕಟ್ಟುವ ವಂಶದಲ್ಲಿ ಹುಟ್ಟಿದ ಹ್ಯೂ ಓವೆನ್ ಥಾಮಸ್ ವೈದ್ಯಶಾಸ್ತ್ರ ಓದಿ, ಲಿವರ್‌ಪೂಲಿನಲ್ಲಿ ಕೆಲಸ ಮಾಡಿ, ಕಾಲನ್ನು ಅಲುಗದಂತೆ ಹಿಡಿಯುವ ಕಬ್ಬಿಣದ ಸಾಧನವೊಂದನ್ನು ರೂಪಿಸಿದ. ಅವನ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಮೊದಲನೆಯ ಮಹಾಯುದ್ಧದಲ್ಲಿ ತೊಡೆ ಮುರಿದ ಸೈನಿಕರಿಗೆ ಬಳಕೆಗೆ ತಂದಾಗ ಎಷ್ಟೋ ಪ್ರಾಣಗಳು ಉಳಿದವು. ಥಾಮಸನ ಹೆಸರಿನ ಆ ಸಾಧನ ಇಂದಿಗೂ ಆಸ್ಪತ್ರೆಗಳಲ್ಲಿದೆ. ವಂಶದ ಕೈಚಳಕಕ್ಕೆ ಶರೀರದ ಅರಿವು ಕೂಡಿದ್ದರಿಂದ ಅದು ಸಾಧ್ಯವಾಯಿತು. ಎಕ್ಸ್-ರೇ ಇಲ್ಲದೆ, ಬೆರಳ ಬಣ್ಣ ನೋಡದೆ ಮೂರು ದಿನ ಬಿಚ್ಚಬೇಡಿ ಎಂದು ಹೇಳಿ ಕಳಿಸುವ ಕಟ್ಟು ಬೇರೆ ಮಾತು. ಎಣ್ಣೆ ಹಚ್ಚಿ ತಿಕ್ಕುವುದೂ ಅಷ್ಟೇ. ಮೊಣಕೈಯಂಥ ಕಡೆ ಪದೇ ಪದೇ ತಿಕ್ಕಿದರೆ ಮಾಂಸಖಂಡದೊಳಗೇ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳಬಹುದು.

ಎಲುಬು ಹೊರಗೆ ಕಂಡರೆ

ಮುರಿತದ ಮೇಲೆ ಗಾಯವಿದ್ದರೆ, ಅದು ಎಷ್ಟು ಸಣ್ಣದಿದ್ದರೂ, ಹೊಲದ ಮಣ್ಣು ಮತ್ತು ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಎಲುಬಿನವರೆಗೆ ದಾರಿ ತೆರೆದಂತೆಯೇ. ಹೊರಬಂದ ಎಲುಬನ್ನು ಒಳಕ್ಕೆ ತಳ್ಳಬಾರದು. ಅರಿಶಿನ, ಕಾಫಿ ಪುಡಿ, ಬೂದಿ, ಸುಣ್ಣ, ತಂಬಾಕು ಯಾವುದನ್ನೂ ಹಾಕಬಾರದು. ಕಣ್ಣಿಗೆ ಕಾಣುವ ಹುಲ್ಲು, ಮಣ್ಣನ್ನು ಕುಡಿಯುವ ನೀರಿನಿಂದ ತೊಳೆದು, ಒಗೆದ ಬಟ್ಟೆಯನ್ನು ಮುಚ್ಚಿ, ದಬ್ಬೆ ಕಟ್ಟಿ ಕಳಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಮತ್ತು ನಂಜು ಏರದ ಔಷಧಿ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಯಂತ್ರಕ್ಕೆ ಸಿಕ್ಕು ಬೆರಳು ಕತ್ತರಿಸಿ ಹೋಗಿದ್ದರೆ ಅದನ್ನು ಎಸೆಯಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಕಳಿಸಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ತೊಡೆ, ಸೊಂಟ, ಬೆನ್ನು

ತೊಡೆಯೆಲುಬು ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಹುದು. ವಯಸ್ಕನ ಮೈಯಲ್ಲಿರುವುದೇ ಸುಮಾರು ಐದು ಲೀಟರ್. ಸೊಂಟದ ಬಳೆಯೆಲುಬು ಒಡೆದರೆ ನಷ್ಟ ಇನ್ನೂ ಹೆಚ್ಚು. ಮುಖ ಬಿಳಿಚುವುದು, ತಣ್ಣನೆಯ ಬೆವರು, ನೀರಡಿಕೆ, ಚಡಪಡಿಕೆ, ನಾಡಿ ವೇಗವಾಗಿ ಓಡುವುದು ಇದರ ಲಕ್ಷಣಗಳು. ಅಂಥವರನ್ನು ಮಲಗಿಸಿಯೇ ಇಟ್ಟು, ಕಂಬಳಿ ಹೊದಿಸಿ ಬೆಚ್ಚಗಿಡಬೇಕು, ಸೊಂಟದ ಎಲುಬಿನ ಸಂಶಯವಿದ್ದರೆ ಸೀರೆಯನ್ನು ಅಗಲವಾಗಿ ಮಡಚಿ ಎರಡೂ ತೊಡೆಗಳ ಮೇಲ್ಗೀಲಿನ ಮಟ್ಟದಲ್ಲಿ ಸುತ್ತಿ ಕಟ್ಟಬೇಕು. ಆಸ್ಪತ್ರೆಯಲ್ಲಿ ರಕ್ತ ಬೇಕಾಗಬಹುದಾದ್ದರಿಂದ ಜೊತೆಗೆ ಇಬ್ಬರು ಗಟ್ಟಿ ಆಳುಗಳು ಹೋಗುವುದು ಒಳ್ಳೆಯದು. ರಕ್ತದಾನಕ್ಕೆ ಹೆಸರಾದ ಅಕ್ಕಿಆಲೂರಿನವರಿಗೆ ಈ ಮಾತನ್ನು ಹೆಚ್ಚು ಹೇಳಬೇಕಾಗಿಲ್ಲ.

ವಯಸ್ಸಾದವರು, ಅದರಲ್ಲೂ ಹೆಂಗಸರು, ಬಚ್ಚಲಲ್ಲಿ ಸುಮ್ಮನೆ ಕುಸಿದು ಬಿದ್ದರೂ ತೊಡೆಯೆಲುಬಿನ ಕುತ್ತಿಗೆ ಮುರಿಯುತ್ತದೆ. ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ಹೊರಳಿದ್ದರೆ ಅದೇ ಎಂದು ತಿಳಿಯಬಹುದು. ವಯಸ್ಸಾಯಿತೆಂದು ಮಂಚಕ್ಕೆ ಹಾಕಿ ಬಿಡುವುದು ದೊಡ್ಡ ತಪ್ಪು. ಬೆನ್ನ ಹುಣ್ಣು, ಪುಪ್ಪುಸದ ಸೋಂಕು ಕೆಲವೇ ವಾರಗಳಲ್ಲಿ ಪ್ರಾಣಕ್ಕೆ ಬರುತ್ತವೆ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಎಷ್ಟೋ ಹಿರಿಯರು ಮತ್ತೆ ನಡೆಯುತ್ತಾರೆ.

ಮಾವು ಅಥವಾ ಅಡಿಕೆ ಮರದಿಂದ ಬಿದ್ದವರ, ಟ್ರ್ಯಾಕ್ಟರ್ ಉರುಳಿದವರ, ಹೋರಿ ಎತ್ತಿ ಒಗೆದವರ ಬೆನ್ನೆಲುಬು ಮುರಿದಿದೆಯೆಂದೇ ಭಾವಿಸಬೇಕು. ಕತ್ತಿನಲ್ಲಿ, ಬೆನ್ನಿನಲ್ಲಿ ನೋವಿದೆಯೇ, ಕಾಲ್ಬೆರಳು ಆಡುತ್ತವೆಯೇ, ಕಾಲಿನಲ್ಲಿ ಜೋಮು ಇದೆಯೇ ಎಂದು ಕೇಳಬೇಕು. ಅಂಥವರನ್ನು ಕೈ-ಕಾಲು ಹಿಡಿದು ಎತ್ತುವುದು, ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಎಂದರೆ ಉಳಿದಿದ್ದ ನರಹುರಿಯನ್ನು ಕೈಯಾರೆ ಕತ್ತರಿಸಿದಂತೆ. ಮರದಿಂದ ಬಿದ್ದಾಗ ಕಾಲಾಡುತ್ತಿದ್ದವನು ಆಸ್ಪತ್ರೆ ಮುಟ್ಟುವಾಗ ಕಾಲಾಡದಂತಾಗಬಾರದು. ಒಬ್ಬರು ತಲೆಯನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದಿರಬೇಕು. ಮೂವರು-ನಾಲ್ವರು ಭುಜ, ಸೊಂಟ, ಕಾಲು ಹಿಡಿದು, ತಲೆ ಹಿಡಿದವರ ಸೂಚನೆಯಂತೆ ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ, ಅಡಿಗೆ ಬಾಗಿಲ ಹಲಗೆ ಅಥವಾ ಕೌದಿ ಹಾಸಿದ ಏಣಿಯನ್ನು ಸರಿಸಬೇಕು. ವಾಂತಿಯಾದರೆ ಅದೇ ರೀತಿ ಇಡೀ ಮೈಯನ್ನು ಪಕ್ಕಕ್ಕೆ ಹೊರಳಿಸಬೇಕು. ಆಂಬುಲೆನ್ಸ್ ಬರುವಂತಿದ್ದರೆ ಮುಟ್ಟದೆ ಕಾಯುವುದೇ ಲೇಸು.

ಸಾಗಿಸುವಾಗ ಮತ್ತು ಆಮೇಲೆ

ರಾಜ್ಯದಲ್ಲಿ 2008ರ ನವೆಂಬರಿನಿಂದ 108 ಆಂಬುಲೆನ್ಸ್ ಸೇವೆ ಇದೆ. ಕರೆ ಮಾಡುವಾಗ ಊರಿನ ಹೆಸರಷ್ಟೇ ಅಲ್ಲದೆ ಹೊಲಕ್ಕೆ ಬರುವ ದಾರಿ, ಗುಡಿ ಅಥವಾ ಕೆರೆಯ ಗುರುತು ಹೇಳಿ, ಒಬ್ಬರನ್ನು ರಸ್ತೆಗೆ ಕಳಿಸಿ ನಿಲ್ಲಿಸಬೇಕು. ಹೋರಿ ಹಬ್ಬ ನಡೆಸುವ ಸಮಿತಿಗಳು ಓಟದ ದಾರಿಯ ಪಕ್ಕದಲ್ಲಿ ನಾಲ್ಕು ದಬ್ಬೆ, ಹರಿದ ದೋತರದ ಪಟ್ಟಿಗಳು, ಒಂದು ಹಲಗೆ ಇಟ್ಟುಕೊಂಡು, ಆಂಬುಲೆನ್ಸ್ ಬಂದು ಹೋಗಲು ಜನರಿಲ್ಲದ ಒಂದು ಓಣಿಯನ್ನು ಮೊದಲೇ ಬಿಡಿಸಿಟ್ಟರೆ ಖರ್ಚು ಹೆಚ್ಚಾಗದು. ಅಪಘಾತದ ಗಾಯಾಳುವನ್ನು ಸಾಗಿಸಿದರೆ ಪೊಲೀಸ್ ಕೇಸಿಗೆ ಸಿಗುತ್ತೇವೆಂಬ ಭಯವೂ ಬೇಡ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಟ್ಟಿದೆ.

ಗಾಯಾಳುವಿಗೆ ಚಹಾ, ಊಟ, ನೋವು ಮರೆಯಲೆಂದು ಸಾರಾಯಿ ಕೊಡಬಾರದು. ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತುಂಬಿದ್ದರೆ ಶಸ್ತ್ರಚಿಕಿತ್ಸೆ ಗಂಟೆಗಟ್ಟಲೆ ಮುಂದೆ ಹೋಗುತ್ತದೆ. ಬಾಯಿ ಒಣಗಿದರೆ ತುಟಿಗೆ ಒದ್ದೆ ಬಟ್ಟೆ ಒತ್ತಬಹುದು. ಪೆಟ್ಟು ಬಿದ್ದ ಹೊತ್ತು, ಕೊನೆಯ ಊಟದ ಹೊತ್ತು, ಬೆರಳುಗಳ ಬಣ್ಣ ಯಾವಾಗ ಬದಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ವೈದ್ಯರಿಗೆ ಬಹಳ ಅನುಕೂಲ.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಮೊದಲ ಎರಡು ದಿನ ಕೈಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ಟು, ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕು. ಬೆರಳು ಬಾತು ನೀಲಿಯಾದರೆ, ಮರಗಟ್ಟಿದರೆ, ಮಾತ್ರೆಗೂ ಬಗ್ಗದಂತೆ ನೋವು ಹೆಚ್ಚಿದರೆ ಬೆಳಗಿನವರೆಗೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಮರಳಿ ಪ್ಲಾಸ್ಟರನ್ನು ಸೀಳಿಸಬೇಕು. ಪ್ಲಾಸ್ಟರನ್ನು ಮರುದಿನ ಮತ್ತೆ ಹಾಕಿಸಬಹುದು.